ಮೂರೇ ಅಳತೆಯ ಚಪ್ಪಲಿ ಸ್ಟ್ಯಾಂಡು

ಮಲೆನಾಡಿನ ಮನೆಗೆ ಬಾಗಿಲಿರುವ ಚಪ್ಪಲಿ ಕಪಾಟು ಹೊಂದುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಗಾಳಿಯೇ ಒದ್ದೆ. ಸಂಜೆ ಬಿಚ್ಚಿಟ್ಟ ಚಪ್ಪಲಿ ಬೆಳಗ್ಗೆ ಹಾಕಿಕೊಳ್ಳುವಾಗಲೂ ಹಸಿಹಸಿ ಇರುತ್ತದೆ. ಅದನ್ನು ಒಯ್ದು ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟರೆ ಇನ್ನೇನಾಗುತ್ತದೆ? ಬೂಷ್ಟು ಹಿಡಿಯುತ್ತದೆ. ಲೆದರ್ ಶೂ ಆದರೆ ಮೇಲೆಲ್ಲ ಬಿಳಿ ಪುಡಿ, ಒಳಗೆ ಮುಗ್ಗಲು ವಾಸನೆ. ಮಗಳ ಸ್ಕೂಲ್ ಶೂ ಅಂತೂ ಮಳೆಗಾಲ ಮುಗಿಯುವುದರೊಳಗೆ ಅಂಟು ಬಿಟ್ಟು ಬಾಯಿ ತೆರೆದುಕೊಳ್ಳುತ್ತಿತ್ತು.

ನಮ್ಮ ಜಗಲಿಯಲ್ಲಿ ಮೊದಲು ಇದ್ದದ್ದು ಅಂಗಡಿಯಿಂದ ತಂದ ಅಂಥದ್ದೇ ಒಂದು ಕಪಾಟು. ಮರದ ಪುಡಿಯನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಅದರ ಮೇಲೆ ತೇಗದ ಚಿತ್ರದ ತೆಳು ಹಾಳೆ. ನೋಡುವುದಕ್ಕೆ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಹಲಗೆಯ ಅಂಚಿಗೆ ನೀರು ತಾಗಿದರೆ ಅದು ಊದಿಕೊಳ್ಳುತ್ತದೆ. ನಿಜವಾದ ಮರವೂ ಮಳೆಗಾಲದಲ್ಲಿ ಊದುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಈ ಪುಡಿ ಹಲಗೆ ಒಮ್ಮೆ ಊದಿದರೆ ಮುಗಿಯಿತು, ಮೊದಲಿನ ಹಾಗೆ ಆಗುವುದೇ ಇಲ್ಲ. ಕೆಳಗಿನ ಅಂಚು ಮೊದಲು ಉಬ್ಬಿತು, ಆಮೇಲೆ ಬಾಗಿಲು ಹಾಕುವುದಕ್ಕೆ ಬರದಾಯಿತು, ಕೊನೆಗೆ ಸ್ಕ್ರೂ ಹಿಡಿದಲ್ಲೇ ಪುಡಿಯಾಗಿ ಉದುರಿತು. ಹೊರಗೆ ಹಾಕಿದೆವು.

ಅದೇ ಬೇಸಿಗೆಯಲ್ಲಿ ಬಚ್ಚಲಕೊಟ್ಟಿಗೆಯ ಹಂಚು ತೆಗೆದು ಶೀಟ್ ಹೊದಿಸಿದ್ದರು. ಕಳಚಿದ ರೀಪು, ಪಕಾಸುಗಳನ್ನೆಲ್ಲ, ಅಂದರೆ ಹಂಚು ಕೂರುವ ಅಡ್ಡ ಪಟ್ಟಿಗಳನ್ನೂ ಅವನ್ನು ಹೊರುವ ಛಾವಣಿಯ ಓರೆ ತೊಲೆಗಳನ್ನೂ, ಮನೆ ಹಿಂದೆ ಒಟ್ಟಿದ್ದರು, ಸೌದೆಗೆ ಅಂತ. ನನಗೆ ಹೊಟ್ಟೆ ಉರಿಯಿತು. ಮಾವನವರು ಚಿಕ್ಕವರಿದ್ದಾಗಲೇ ಆ ಮಾಡು ಇತ್ತಂತೆ. ಅಷ್ಟು ವರ್ಷ ಹಂಚಿನ ಭಾರ ಹೊತ್ತ ಮರ, ಒಂದೂ ಬಾಗಿರಲಿಲ್ಲ. ಅದನ್ನು ಒಲೆಗೆ ಹಾಕಿ, ಪುಡಿ ಹಲಗೆಯ ಇನ್ನೊಂದು ಕಪಾಟಿಗೆ ದುಡ್ಡು ಕೊಡುವುದು ಯಾವ ನ್ಯಾಯ? ಚಪ್ಪಲಿ ಸ್ಟ್ಯಾಂಡು ಇದರಲ್ಲೇ ಆಗಬೇಕು, ನಾನೇ ಮಾಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅಳತೆ ಅಂದರೆ ನನಗೆ ಮೊದಲಿನಿಂದಲೂ ಪ್ರೀತಿ.

ಮರಕ್ಕೆ ಕೈ ಹಾಕುವ ಮೊದಲು ಮನೆಯವರೆಲ್ಲರ ಚಪ್ಪಲಿ, ಶೂಗಳನ್ನು ಜಗಲಿಯಲ್ಲಿ ಸಾಲಾಗಿ ಇಟ್ಟು ಟೇಪ್ ಹಿಡಿದೆ. ಈ ಕೆಲಸವನ್ನು ಯಾರೂ ಬಿಡಬಾರದು. ಸ್ಟ್ಯಾಂಡಿನ ಅಳತೆ ನಿಮ್ಮ ಮನೆಯವರ ಕಾಲಿನಿಂದ ಬರಬೇಕು, ಯೂಟ್ಯೂಬಿನ ಯಾವುದೋ ವಿಡಿಯೋದಿಂದ ಅಲ್ಲ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಉದ್ದ ಇವರ 9 ನಂಬರಿನ ಶೂ, 12 ಇಂಚಿಗೆ ಚೂರು ಕಡಿಮೆ. ನನ್ನ 5 ನಂಬರಿನ ಚಪ್ಪಲಿ 10 ಇಂಚು. ಗಂಡಸರ ಒಂದು ಜೊತೆಗೆ ಅಡ್ಡಕ್ಕೆ ಎಂಟೂವರೆ ಇಂಚು ಬೇಕು, ಹೆಂಗಸರದ್ದಕ್ಕೆ 7 ಸಾಕು. ಎತ್ತರಕ್ಕೆ 6 ಇಂಚು ಬಿಟ್ಟರೆ ಸಾಮಾನ್ಯ ಶೂ ಎಲ್ಲ ಆರಾಮಾಗಿ ಕೂರುತ್ತದೆ. ತೋಟದ ಗಂಬೂಟು ಮಾತ್ರ ಇದಕ್ಕೆಲ್ಲ ಜಗ್ಗುವುದಿಲ್ಲ, ಅದರ ಮಾತು ಆಮೇಲೆ.

ಇನ್ನೊಂದು ಅಳತೆಯೂ ಮನಸ್ಸಿನಲ್ಲಿತ್ತು. ಮಾವನವರಿಗೆ ಮಂಡಿ ನೋವು. ಚಪ್ಪಲಿಯ ಬೆಲ್ಟ್ ಹಾಕಿಕೊಳ್ಳುವುದಕ್ಕೆ ಬಗ್ಗಬೇಕೆಂದರೆ ಕಂಬ ಹಿಡಿದು ಒಂದೇ ಕಾಲಲ್ಲಿ ನಿಲ್ಲುತ್ತಿದ್ದರು. ನೋಡಿದರೆ ಎದೆ ಝಲ್ಲೆನ್ನುತ್ತಿತ್ತು. ಅದಕ್ಕೇ ಎತ್ತರದ ಸ್ಟ್ಯಾಂಡು ಬೇಡ, ಕುಳಿತುಕೊಳ್ಳುವ ಬೆಂಚಿನ ಹಾಗೇ ಇರಲಿ ಅಂದುಕೊಂಡೆ. ಸಾಮಾನ್ಯ ಕುರ್ಚಿಯ ಎತ್ತರ 17-18 ಇಂಚು. ಮಂಡಿ ನೋವಿನವರಿಗೆ ಒಂದಿಂಚು ಜಾಸ್ತಿ ಇದ್ದರೆ ಏಳುವುದು ಸುಲಭ. ಹಾಗಾಗಿ 19 ಇಂಚು. ಮೇಲೆ ಕೂರುವ ಹಲಗೆ, ಅದರ ಕೆಳಗೆ ಎರಡು ಅಟ್ಟ. ಉದ್ದ 4 ಅಡಿ. ಅಟ್ಟವೊಂದಕ್ಕೆ ಆರು ಜೊತೆ ಹಿಡಿಯುತ್ತದೆ.

ಕಾಗದದ ಮೇಲೆ ಬರೆದು, ಅಳಿಸಿ, ತಿದ್ದಿ, ಕೊನೆಗೆ ಇಡೀ ಸ್ಟ್ಯಾಂಡನ್ನು ಮೂರೇ ಅಳತೆಗೆ ಇಳಿಸಿದೆ. ಕಾಲು ಒಂದೂವರೆ ಅಡಿ, ಒಟ್ಟು ಆರು. ಅಡ್ಡಪಟ್ಟಿ 15 ಇಂಚು, ಒಟ್ಟು ಒಂಬತ್ತು. ಉದ್ದ ಪಟ್ಟಿ 4 ಅಡಿ, ಒಟ್ಟು ಹದಿನಾರು. ಕೊನೆಗೆ ಹಿಂಬದಿಗೆ ಕೊಡುವ ಒಂದು ಓರೆ ಪಟ್ಟಿ ಬಿಟ್ಟರೆ ಅಷ್ಟೇ. ಕಚ್ಚು ಹಾಕುವುದಿಲ್ಲ, ತೂತು ಕೊರೆದು ಕೂಡಿಸುವ ಸಂದು ಇಲ್ಲ. ನೇರವಾಗಿ ಕೊಯ್ಯುವುದಕ್ಕೆ ಬಂದರೆ ಸಾಕು. ಸಾಗರ ಅಂದ ಕೂಡಲೇ ಎಲ್ಲರಿಗೂ ಗುಡಿಗಾರರ ಗಂಧದ ಕೆತ್ತನೆ ನೆನಪಾಗುತ್ತದೆ. ಆ ಕೈಗಳ ಲೋಕವೇ ಬೇರೆ. ಇದು ಟೇಪು, ಪೆನ್ಸಿಲ್ಲು, ಗರಗಸ ಇರುವ ಯಾರು ಬೇಕಾದರೂ ಮಾಡಬಹುದಾದ ಕೆಲಸ.

ಎರಡು ಕಾಲುಗಳಿಗೆ ಮೂರು ಅಡ್ಡಪಟ್ಟಿ ಕೂಡಿಸಿದರೆ ಒಂದು ಏಣಿ ಆಯಿತು. ಅಂಥ ಮೂರು ಏಣಿ ಮಾಡಿ, ಎರಡು ತುದಿಗೆ ಒಂದೊಂದು, ನಡುವೆ ಒಂದು ನಿಲ್ಲಿಸಿ, ಅವುಗಳ ಮೇಲೆ ಉದ್ದ ಪಟ್ಟಿಗಳನ್ನು ಹಾಸಿದರೆ ಸ್ಟ್ಯಾಂಡು. ನಡುವಿನ ಏಣಿ ಬೇಡ ಅಂತ ಇವರು ವಾದ ಮಾಡಿದರು. ಬರೀ ಚಪ್ಪಲಿ ಇಡುವುದಾದರೆ ನಿಜ, ಬೇಡ. ಆದರೆ ಮೇಲೆ ಮನುಷ್ಯರು ಕೂರುತ್ತಾರೆ. ಒಂದಿಂಚು ದಪ್ಪದ ಪಟ್ಟಿ 4 ಅಡಿ ಉದ್ದಕ್ಕೆ ಆಸರೆ ಇಲ್ಲದೆ ಇದ್ದರೆ ಕೂತಾಗ ನಡುವೆ ಜಗ್ಗುತ್ತದೆ. ನಡುವೆ ಆಸರೆ ಕೊಟ್ಟರೆ ಎರಡೂ ಕಡೆ ಎರಡು ಅಡಿಗಿಂತ ಜಾಸ್ತಿ ಖಾಲಿ ಉಳಿಯುವುದಿಲ್ಲ. ಕೂತವರಿಗೂ ಧೈರ್ಯ.

ಇನ್ನು ಮರ. ಒಟ್ಟಿದ್ದ ರಾಶಿಯನ್ನು ಬಿಡಿಸಿ ನೋಡಿದರೆ ಎಲ್ಲವೂ ಕಪ್ಪು. ಬಚ್ಚಲ ಒಲೆಯ ಹೊಗೆ ಕುಡಿದು ಕುಡಿದು ಡಾಂಬರು ಬಳಿದ ಹಾಗೆ ಆಗಿದ್ದವು. ಮಂಗಳೂರು ಹಂಚಿಗೆ ಕೆಳಗಡೆ ಒಂದು ಮೂಗು ಇರುತ್ತದೆ, ಅದೇ ರೀಪಿಗೆ ಸಿಕ್ಕಿಕೊಂಡು ಹಂಚು ಜಾರದಂತೆ ನಿಲ್ಲುತ್ತದೆ. ಆ ಮೂಗು ಕೂತಿದ್ದ ಕಡೆಯಲ್ಲಿ ಮಾತ್ರ ಹೊಗೆ ತಾಗದೆ ಸಣ್ಣ ಸಣ್ಣ ಬಿಳಿ ಪಟ್ಟೆ. ಒಂದೊಂದು ರೀಪಿನ ಮೇಲೂ ಒಂದೇ ಅಂತರದಲ್ಲಿ ಆ ಪಟ್ಟೆಗಳು. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚು ಘಟ್ಟ ಹತ್ತಿ ನಮ್ಮ ಹಳ್ಳಿಗಳ ಮಾಡನ್ನೆಲ್ಲ ಏರಿತು, ಜೊತೆಗೆ ಈ ರೀಪಿನ ಲೆಕ್ಕವನ್ನೂ ತಂದಿತು. ಈಗ ಶೀಟು ಬಂದು ಹಂಚೂ ಇಳಿಯುತ್ತಿದೆ, ರೀಪೂ ಇಳಿಯುತ್ತಿದೆ. ಊರಿನಲ್ಲಿ ಯಾರ ಮನೆ ಹಿಂದೆ ನೋಡಿದರೂ ಇಂಥ ಒಂದು ರಾಶಿ ಸಿಗುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಒಲೆಗೆ ಹಾಕುವ ಮೊದಲು ಒಂದು ತುಂಡನ್ನು ಹೆರೆದು ನೋಡಿ.

ನಾವು ಹೆರೆದು ನೋಡಿದ್ದು ಆಚಾರ್ರ ಕೈಯಲ್ಲಿ. ನಮ್ಮೂರಿನ ಹಳೇ ಮನೆಗಳ ಬಾಗಿಲು, ಕಿಟಕಿ ಎಲ್ಲ ಅವರದ್ದೇ. ವಯಸ್ಸಾಯಿತು, ಈಗ ದೊಡ್ಡ ಕೆಲಸ ಒಪ್ಪಿಕೊಳ್ಳುವುದಿಲ್ಲ. ಕೀಸುಳಿ ಎರವಲು ಕೇಳುವುದಕ್ಕೆ ಹೋದರೆ, ಕೀಸುಳಿಯ ಜೊತೆ ತಾವೂ ಬಂದರು. ರಾಶಿಯಿಂದ ಒಂದು ರೀಪು ಎತ್ತಿ, ಮೊಣಕಾಲ ಮೇಲೆ ಇಟ್ಟುಕೊಂಡು ಎರಡು ಸಲ ಎಳೆದರು. ಕಪ್ಪು ಸಿಪ್ಪೆ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ಅರಿಶಿನ ಬಣ್ಣ.

“ಇದು ಹಲಸು ಅಮ್ಮಾ. ಇನ್ನೂ ನಮ್ಮ ಕಾಲ ಆದಮೇಲೂ ಇರುತ್ತೆ.”

ಇನ್ನೊಂದನ್ನು ಎತ್ತಿಕೊಂಡರು. ಅದು ಕೀಸುಳಿಗೆ ಸುಲಭಕ್ಕೆ ಬಗ್ಗಲಿಲ್ಲ. ಒಳಗೆ ಕಡು ಕಂದು, ನಡುನಡುವೆ ಕಪ್ಪು ಗೆರೆ.

“ಇದು ಮತ್ತಿ. ಇದಕ್ಕೆ ಸೀದಾ ಮೊಳೆ ಹೊಡಿಯೋಕೆ ಹೋಗ್ಬೇಡಿ, ಮೊಳೆನೇ ಬಗ್ಗುತ್ತೆ. ಮೊದ್ಲು ಡ್ರಿಲ್ ಹಾಕಿ.”

ಹೀಗೇ ಒಂದೊಂದನ್ನೇ ಹೆರೆದು ಎರಡು ಗುಂಪು ಮಾಡಿದೆವು. ಮತ್ತಿ ಭಾರ, ಗಟ್ಟಿ. ಅದು ಅಡ್ಡಪಟ್ಟಿಗೆ. ಹಲಸು ಹಗುರ, ಕೊಯ್ಯುವುದಕ್ಕೂ ಹೆರೆಯುವುದಕ್ಕೂ ಸುಲಭ, ಕೂತರೆ ಮೈಗೆ ನುಣುಪು. ಅದು ಮೇಲಿನ ಪಟ್ಟಿಗಳಿಗೆ. ಹಲಸಿನ ಹಳದಿ ಹಾಗೇ ಉಳಿಯುವುದಿಲ್ಲ, ಬೆಳಕು ತಾಗಿ ತಾಗಿ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ನನಗೆ ಆ ಬಣ್ಣ ಬದಲಾಗುವುದನ್ನು ನೋಡುವುದೇ ಖುಷಿ.

ಕುಟ್ಟೆ ಹಿಡಿದಿದೆಯಾ ಅಂತ ನೋಡುವ ಬಗೆಯನ್ನೂ ಅವರೇ ತೋರಿಸಿದರು. ಮರದಲ್ಲಿ ಸೂಜಿ ತೂತುಗಳಿದ್ದರೆ ಗಾಬರಿ ಬೇಡ, ಹಳೆಯದಿರಬಹುದು. ನೆಲಕ್ಕೆ ಒಮ್ಮೆ ಕುಟ್ಟಿದಾಗ ಆ ತೂತಿನಿಂದ ಗೋಧಿ ಹಿಟ್ಟಿನಷ್ಟು ನಯವಾದ ಹೊಸ ಪುಡಿ ಉದುರಿದರೆ ಒಳಗೆ ಹುಳ ಇನ್ನೂ ಇದೆ ಅಂತ ಲೆಕ್ಕ. ಅಂಥದ್ದನ್ನು ಮನೆಯೊಳಗೆ ತರಲೇಬಾರದು. ಮರದ ಹೊರಗಿನ ಬಿಳಿ ಭಾಗಕ್ಕೇ ಹುಳ ಮೊದಲು ಬೀಳುವುದು, ಒಳಗಿನ ಬಣ್ಣದ ತಿರುಳು ಗಟ್ಟಿ. ನಮ್ಮ ರೀಪುಗಳು ಒಲೆಯ ಹೊಗೆಯಲ್ಲೇ ಇದ್ದದ್ದರಿಂದ ಹೆಚ್ಚಿನವು ಚೊಕ್ಕವಾಗಿದ್ದವು.

ಹಳೇ ಮರದಲ್ಲಿ ನಿಜವಾದ ತಲೆನೋವು ಮೊಳೆ. ತಲೆ ಮುರಿದು ಒಳಗೇ ಉಳಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಗರಗಸದ ಹಲ್ಲಿಗೆ ಅದು ತಾಗಿದರೆ ಹಲ್ಲು ಹೋಯಿತು. ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತ ಒಂದು ಮನೆಯಲ್ಲಿತ್ತು. ಮಗಳು ಅದನ್ನು ದಾರಕ್ಕೆ ಕಟ್ಟಿ ಒಂದೊಂದು ರೀಪಿನ ಮೇಲೂ ಮೆಲ್ಲಗೆ ಎಳೆದುಕೊಂಡು ಹೋಗುತ್ತಿದ್ದಳು. ಕಬ್ಬಿಣ ಇದ್ದಲ್ಲಿ ದಾರ ಓರೆಯಾಗಿ ಜಗ್ಗುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ನಾನು ಉಳಿಯಿಂದ ಸ್ವಲ್ಪ ಕೆತ್ತಿ, ಇಕ್ಕಳ ಹಾಕಿ ಕೀಳುವುದು. ಸಾಮಿಲ್‌ಗೆ ಹಳೇ ಮರ ಒಯ್ಯುವವರು ಈ ಕೆಲಸ ಮಾಡಿಕೊಂಡೇ ಹೋಗಬೇಕು. ಮೊಳೆ ಇರುವ ಮರವನ್ನು ಸಾಮಿಲ್‌ನವರು ಮುಟ್ಟುವುದೇ ಇಲ್ಲ, ಅದು ಸರಿಯೇ. ಓಡುತ್ತಿರುವ ಬ್ಲೇಡು ಮೊಳೆಗೆ ಸಿಕ್ಕರೆ ಹತ್ತಿರ ನಿಂತವರಿಗೂ ಅಪಾಯ.

ನಮಗೆ ಸಾಮಿಲ್ ಬೇಕಾದದ್ದು ಕಾಲಿಗೆ ಮಾತ್ರ. ಒಂದು ಪಕಾಸನ್ನು ಒಂದೂವರೆ ಇಂಚಿನ ಚೌಕಕ್ಕೆ ಸೀಳಿಸಿ ತಂದೆವು. ರೀಪುಗಳು ಹೇಗಿದ್ದರೂ 2 ಇಂಚು ಅಗಲ, 1 ಇಂಚು ದಪ್ಪ ಇದ್ದವು, ಹಾಗೇ ಬಳಸಿದೆ. ಒಟ್ಟು 60 ಅಡಿ ರೀಪು ಬೇಕಾಗುತ್ತದೆ, ಒಡೆದ ತುದಿ ತೆಗೆಯುವುದಕ್ಕೆ ಇನ್ನೊಂದು ಐದಡಿ ಇಟ್ಟುಕೊಳ್ಳಿ. ಹಳೇ ಮರ ಇಲ್ಲದವರು ಡಿಪೋದಲ್ಲಿ ಸಿಲ್ವರ್ ಓಕ್ ಕೇಳಬಹುದು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಮರ, ಹಗುರ, ನೇರ. ಅಕೇಶಿಯಾ ಕೂಡ ನಮ್ಮ ಕಡೆ ಬೇಕಾದಷ್ಟು, ಗಟ್ಟಿಯೂ ಹೌದು. ಆದರೆ ಹಸಿ ಇದ್ದಾಗ ಕೊಯ್ದರೆ ಒಣಗುತ್ತಾ ಸೀಳು ಬಿಡುತ್ತದೆ. ಚೆನ್ನಾಗಿ ಒಣಗಿದ್ದು ಅಂತ ಖಾತ್ರಿ ಆದರೆ ಮಾತ್ರ ತನ್ನಿ.

ಈಗ ಹದಿನಾರು ಉದ್ದ ಪಟ್ಟಿಗಳಲ್ಲಿ ಐದು ಬೇರೆ. ತೀರಾ ಕೆಳಗಿನ ಅಟ್ಟಕ್ಕೆ ನಾನು ಹಾಕಿದ್ದು ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಕಾಂಡ ಸೀಳಿದ ಪಟ್ಟಿ. ಒದ್ದೆ ಚಪ್ಪಲಿ, ಕೆಸರು, ಜಗಲಿ ತೊಳೆದಾಗ ಸಿಡಿಯುವ ನೀರು ಎಲ್ಲ ಬೀಳುವುದು ಅಲ್ಲಿಗೇ. ಎಂಥ ಮರ ಹಾಕಿದರೂ ಆ ಜಾಗ ಬೇಗ ಹಾಳಾಗುವುದು. ಹಾಗಿದ್ದ ಮೇಲೆ ಹಲಸನ್ನು ಯಾಕೆ ಅಲ್ಲಿ ಸವೆಸಬೇಕು? ದಬ್ಬೆಗೆ ನಮ್ಮಲ್ಲಿ ಬರವಿಲ್ಲ. ಗಾಳಿಗೆ ಬಿದ್ದದ್ದೋ, ಹಿಡಿಮುಂಡಿಗೆ ರೋಗ ಬಂದು ಸತ್ತದ್ದೋ ಒಂದಲ್ಲ ಒಂದು ಅಡಿಕೆ ಮರ ತೋಟದಲ್ಲಿ ಇದ್ದೇ ಇರುತ್ತದೆ. ಬೇಲಿಗೆ, ಅಡಿಕೆ ಒಣಗಿಸುವ ಅಟ್ಟಕ್ಕೆ, ಹಳ್ಳದ ಸಂಕಕ್ಕೆ ನಮ್ಮ ಕಡೆ ದಬ್ಬೆಯನ್ನು ಹಿಂದಿನಿಂದಲೂ ಬಳಸುತ್ತಾರೆ. ಇವರು ಬೆಣೆ ಹೊಡೆದು ಕಾಂಡ ಸೀಳಿ, ಒಳಗಿನ ಮೆತ್ತನೆ ತಿರುಳನ್ನೆಲ್ಲ ಕತ್ತಿಯಲ್ಲಿ ಕೆತ್ತಿ ತೆಗೆದುಕೊಟ್ಟರು. ಉಳಿಯುವುದು ಅರ್ಧ ಇಂಚು ದಪ್ಪದ ಹೊರಗಿನ ಚಿಪ್ಪು. ಅದರ ಗಟ್ಟಿತನ ನೋಡಬೇಕು ನೀವು! ಹಾಸುವಾಗ ಉಬ್ಬು ಇರುವ ಹೊರಮೈ ಮೇಲಕ್ಕೆ ಬರಲಿ, ನೀರು ನಿಲ್ಲದೆ ಎರಡೂ ಬದಿಗೆ ಇಳಿಯುತ್ತದೆ. ಅಂಚುಗಳಲ್ಲಿ ಮಾತ್ರ ಸಿಬಿರು ಏಳುತ್ತದೆ, ಕೈಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಕತ್ತಿಯ ಬಾಯಲ್ಲಿ ಅಂಚು ಕೆರೆದು, ಸ್ಯಾಂಡ್ ಪೇಪರನ್ನು ಉದ್ದಕ್ಕೆ ಮಾತ್ರ ಉಜ್ಜಬೇಕು. ಅಡ್ಡ ಉಜ್ಜಿದರೆ ಇನ್ನಷ್ಟು ಎಳೆ ಏಳುತ್ತದೆ. ಯಾವತ್ತಾದರೂ ಒಂದು ದಬ್ಬೆ ಕುಂಬಾದರೆ ಮೂರು ಸ್ಕ್ರೂ ಬಿಚ್ಚಿ ಬೇರೆ ಹಾಕಿದರಾಯಿತು.

ಕೂಡಿಸುವ ಕೆಲಸ ನೆಲದ ಮೇಲೇ. ಏಣಿಯ ಎರಡು ಕಾಲುಗಳನ್ನು ಮಲಗಿಸಿ, ಹೊರಗಿನಿಂದ ಹೊರಗೆ 15 ಇಂಚು ಬರುವ ಹಾಗೆ ಇಟ್ಟೆ. ಅಡ್ಡಪಟ್ಟಿಗಳನ್ನು ಎಲ್ಲಿ ಕೂರಿಸಬೇಕು ಅಂತ ಪ್ರತಿ ಸಲ ಟೇಪು ಹಿಡಿಯುವ ಬದಲು ಆಚಾರ್ರು ಒಂದು ಉಪಾಯ ಹೇಳಿಕೊಟ್ಟರು. ಎರಡು ಅಳತೆ ತುಂಡು ಮಾಡಿಟ್ಟುಕೊಳ್ಳಬೇಕು. ಕಾಲಿನ ಬುಡದಿಂದ ಮೊದಲ ಪಟ್ಟಿಗೆ 2 ಇಂಚು, ಅದಕ್ಕೆ ಒಂದು ರೀಪಿನ ಅಗಲವೇ ಸಾಕು. ಪಟ್ಟಿಯಿಂದ ಪಟ್ಟಿಗೆ ನಡುವೆ 5 ಇಂಚು, ಅದಕ್ಕೆ 5 ಇಂಚಿನ ಒಂದು ತುಂಡು. ತುಂಡು ಇಡು, ಪಟ್ಟಿ ಇಡು, ಮತ್ತೆ ತುಂಡು ಇಡು. ಲೆಕ್ಕ ಮಾಡಿ ನೋಡಿ, 2 ಇಂಚು ಬಿಟ್ಟು 2 ಇಂಚಿನ ಪಟ್ಟಿ, 5 ಬಿಟ್ಟು ಇನ್ನೊಂದು, ಮತ್ತೆ 5 ಬಿಟ್ಟು ಮೂರನೆಯದು. ಸರಿಯಾಗಿ 18 ಇಂಚಿಗೆ, ಅಂದರೆ ಕಾಲಿನ ತಲೆಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಒಂದಿಂಚಿನ ಪಟ್ಟಿ ಬಿದ್ದರೆ 19. ಈ ಲೆಕ್ಕ ಕೂಡಿ ಬಂದಾಗ ಆದ ಸಂತೋಷವನ್ನು ಸೋಮವಾರ ಒಂಬತ್ತನೇ ಕ್ಲಾಸಿನಲ್ಲೂ ಹಂಚಿಕೊಂಡೆ.

ಏಣಿ ಸರಿಯಾಗಿ ಚೌಕ ಇದೆಯಾ ಅಂತ ನೋಡುವುದಕ್ಕೆ ಮೂಲೆಮಟ್ಟ ಬೇಕೇ ಬೇಕು ಅಂತಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ, ಇನ್ನೆರಡು ಮೂಲೆಗೂ ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕ. ಬರದಿದ್ದರೆ ಉದ್ದ ಇರುವ ಕಡೆ ಅಂಗೈಯಲ್ಲಿ ಮೆಲ್ಲಗೆ ತಟ್ಟಿ. ಮೊದಲ ಏಣಿ ಸರಿಹೋದ ಮೇಲೆ ಉಳಿದೆರಡನ್ನು ಅದರ ಮೇಲೇ ಇಟ್ಟು ಕೂಡಿಸಿದರೆ ಮೂರೂ ಒಂದೇ ಅಚ್ಚು.

ಏಣಿಯ ಪ್ರತಿ ಕೂಡುವ ಕಡೆ ಸ್ವಲ್ಪ ಫೆವಿಕಾಲ್, ಎರಡು ಸ್ಕ್ರೂ. ಸ್ಕ್ರೂ ಎಲ್ಲ ಎರಡು ಇಂಚಿನವೇ, 8 ನಂಬರು, ತುಕ್ಕು ಹಿಡಿಯದ ಸ್ಟೀಲಿನವು. ನಮ್ಮ ಮಳೆಗೆ ಮಾಮೂಲಿ ಸ್ಕ್ರೂ ಹಾಕಿದರೆ ತುಕ್ಕು ಇಳಿದು ಮರದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಸ್ಕ್ರೂ ಹಾಕುವ ಮೊದಲು 3 ಎಂಎಂ ಬಿಟ್ಟಿನಲ್ಲಿ ತೂತು ಹಾಕಿಕೊಳ್ಳಬೇಕು. ಇದನ್ನು ಬಿಟ್ಟರೆ ಪಟ್ಟಿಯ ತುದಿ ಸೀಳುತ್ತದೆ, ದಬ್ಬೆಯಂತೂ ಉದ್ದಕ್ಕೂ ಬಿರಿಯುತ್ತದೆ. ಸ್ಕ್ರೂ ಎಳೆಗಳಿಗೆ ಮೇಣದಬತ್ತಿ ಉಜ್ಜಿದರೆ ಮತ್ತಿಯಲ್ಲೂ ಸಲೀಸಾಗಿ ಇಳಿಯುತ್ತದೆ. ಡ್ರಿಲ್ ಮಾಡಿದ್ದೆಲ್ಲ ಮಗಳು. ಬಿಟ್ಟಿಗೆ ಒಂದಿಂಚಿನ ಮೇಲೆ ಬಣ್ಣದ ಟೇಪು ಸುತ್ತಿಕೊಂಡು, ಅದು ಮರಕ್ಕೆ ತಾಗಿದ ಕೂಡಲೇ ನಿಲ್ಲಿಸುತ್ತಿದ್ದಳು. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಕಣ್ಣಿಗೆ ಕನ್ನಡಕ ಮಾತ್ರ ಹಾಕಿಸಿದ್ದೆ.

ಉದ್ದ ಪಟ್ಟಿಗಳನ್ನು ಹಾಸುವಾಗ ನಡುವೆ ಸಂದು ಬಿಡಲೇಬೇಕು. ಮರ ಉದ್ದಕ್ಕೆ ಊದುವುದಿಲ್ಲ ಅಂತಲೇ ಹೇಳಬಹುದು, ಊದುವುದು ಅಗಲಕ್ಕೆ. ಸಂದು ಇಲ್ಲದೆ ಒತ್ತಿ ಕೂರಿಸಿದರೆ ಜುಲೈನಲ್ಲಿ ಒಂದನ್ನೊಂದು ತಳ್ಳಿ ಎಲ್ಲೋ ಒಂದು ಕಡೆ ಏಳುತ್ತದೆ. ಅದಕ್ಕಿಂತ ಮುಖ್ಯ, ಚಪ್ಪಲಿಗೆ ಕೆಳಗಿನಿಂದ ಗಾಳಿ ಆಡಬೇಕು, ಮಣ್ಣು ಉದುರಿ ಹೋಗಬೇಕು. ಅಟ್ಟಗಳಲ್ಲಿ ಎರಡು ಸಾಲು ಕಾಲುಗಳ ನಡುವೆ 12 ಇಂಚು ಸಿಗುತ್ತದೆ. ಅಲ್ಲಿ ಐದು ಪಟ್ಟಿ, ನಡುವೆ ಅರ್ಧರ್ಧ ಇಂಚು. ಮೇಲೆ 15 ಇಂಚಿಗೆ ಆರು ಪಟ್ಟಿ, ಸಂದು ಅರ್ಧಕ್ಕಿಂತ ಚೂರು ಜಾಸ್ತಿ. ಒಂದಿಂಚು ಸಂದು ಬಿಟ್ಟರೆ ಪಟ್ಟಿ ಉಳಿಯುತ್ತದಲ್ಲ ಅಂತ ಅನಿಸಬಹುದು. ಮಕ್ಕಳ ಸಣ್ಣ ಚಪ್ಪಲಿ, ಹೆಂಗಸರ ಹೀಲ್ಸ್ ಅದರಲ್ಲಿ ಸಿಕ್ಕಿ ವಾಲುತ್ತದೆ. ಅರ್ಧ ಇಂಚೇ ಸರಿ.

ಎಲ್ಲ ಕೂಡಿಸಿ ನಿಲ್ಲಿಸಿದ ಮೇಲೂ ಸ್ಟ್ಯಾಂಡು ಉದ್ದಕ್ಕೆ ತಳ್ಳಿದರೆ ಅಲ್ಲಾಡುತ್ತದೆ. ಇದು ಎಲ್ಲರಿಗೂ ಆಗುವುದೇ, ಸ್ಕ್ರೂ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ನಾಲ್ಕು ಬದಿಯ ಚೌಕಟ್ಟು ಓರೆಯಾಗಬಲ್ಲದು, ತ್ರಿಕೋನ ಓರೆಯಾಗಲಾರದು. ಹಿಂಬದಿಯಲ್ಲಿ ಒಂದು ರೀಪನ್ನು ಕೆಳಗಿನ ಮೂಲೆಯಿಂದ ಎದುರು ಮೇಲಿನ ಮೂಲೆಗೆ ಓರೆಯಾಗಿ ಕೊಟ್ಟು ಮೂರು ಕಾಲುಗಳಿಗೂ ಸ್ಕ್ರೂ ಹಾಕಿದರೆ ಮುಗಿಯಿತು. ಅದರ ಉದ್ದ ಎಷ್ಟು ಬೇಕು? 48ರ ವರ್ಗಕ್ಕೆ 18ರ ವರ್ಗ ಕೂಡಿಸಿದರೆ 2628. ಅದರ ವರ್ಗಮೂಲ 51 ಇಂಚಿಗೆ ಚೂರು ಮೇಲೆ. ಪೈಥಾಗೊರಸ್ ಪ್ರಮೇಯ ಯಾಕೆ ಕಲಿಯಬೇಕು ಟೀಚರ್ ಅಂತ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಈಗ ನನ್ನ ಫೋನಿನಲ್ಲಿ ಆ ಓರೆ ಪಟ್ಟಿಯ ಫೋಟೋ ಇದೆ, ಅದನ್ನೇ ತೋರಿಸುತ್ತೇನೆ.

ಪಾಲಿಶ್ ವಿಷಯ ಜಾಸ್ತಿ ಇಲ್ಲ. 80 ನಂಬರಿನ ಸ್ಯಾಂಡ್ ಪೇಪರು, ಆಮೇಲೆ 120, ಕೂರುವ ಜಾಗಕ್ಕೆ ಮಾತ್ರ 220. ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಒಣಗಲು ಬಿಟ್ಟು, ಇನ್ನೊಮ್ಮೆ ಒರೆಸಿದೆ. ಒಂದು ಎಚ್ಚರಿಕೆ ಇದೆ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನಾಗಿಯೇ ಬಿಸಿಯಾಗುತ್ತದೆ, ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಹೊರಗೆ ತಂತಿಯ ಮೇಲೆ ಬಿಡಿಸಿ ಹರವಬೇಕು. ಕಾಲಿನ ಬುಡಕ್ಕೆ ಮಾತ್ರ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕೊಯ್ದ ತುದಿಯೇ ನೀರು ಹೀರುವುದು, ಒರಲೆ (ಗೆದ್ದಲು) ಹತ್ತುವುದೂ ಅಲ್ಲಿಂದಲೇ. ಗೇರೆಣ್ಣೆ ಕಪ್ಪು, ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಗ್ಲೌಸ್ ಹಾಕಿಕೊಂಡು, ಹಳೇ ಬ್ರಷ್‌ನಲ್ಲಿ, ಮಕ್ಕಳನ್ನು ದೂರ ಕಳಿಸಿ ಹಚ್ಚಿ. ಆರು ಕಾಲುಗಳ ಕೆಳಗೂ ಹಳೇ ಹವಾಯಿ ಚಪ್ಪಲಿಯ ರಬ್ಬರು ತುಂಡು ಹೊಡೆದೆ. ನಮ್ಮ ಜಗಲಿಯ ನೆಲ ನೀರು ಹೊರಗೆ ಹರಿಯಲಿ ಅಂತ ಮುಂದಕ್ಕೆ ಇಳಿಜಾರು. ಅದಕ್ಕೆ ಮುಂದಿನ ಮೂರು ಕಾಲಿಗೆ ಎರಡೆರಡು ಪದರ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟ ನಡುವೆ.

ಇನ್ನು ಗಂಬೂಟು. ಉಂಬಳದ, ಅಂದರೆ ಜಿಗಣೆಯ ಕಾಲದಲ್ಲಿ ತೋಟಕ್ಕೆ ಇಳಿಯುವವರಿಗೆ ಅದಿಲ್ಲದೆ ಆಗುವುದಿಲ್ಲ. ನಿಲ್ಲಿಸಿಟ್ಟರೆ ಒಳಗೆ ಬೆವರು, ನೀರು ಎರಡೂ ಉಳಿದು ನಾರುತ್ತದೆ. ಒಳಗೆ ಕಪ್ಪೆ ಕೂರುತ್ತದೆ, ಚೇಳು ಸೇರುತ್ತದೆ, ಮರಿ ಹಾವು ಇದ್ದದ್ದನ್ನೂ ನಮ್ಮ ಮನೆಯಲ್ಲೇ ಕಂಡಿದ್ದೇವೆ. ಉಳಿದ ಒಂದು ತುಂಡು ಹಲಗೆಗೆ ಕಾಫಿ ಗಿಡದ ಕೋಲಿನ ನಾಲ್ಕು ಗೂಟ ನೆಟ್ಟೆ, 16 ಇಂಚು ಎತ್ತರ. ಬೂಟನ್ನು ತಲೆಕೆಳಗಾಗಿ ಗೂಟಕ್ಕೆ ಹಾಕಿದರೆ ಬಾಯಿ ಹಲಗೆಗೆ ತಾಗದೆ ಮೇಲೇ ನಿಲ್ಲುತ್ತದೆ. ನೀರೆಲ್ಲ ಇಳಿದು ಬೆಳಗ್ಗೆ ಹೊತ್ತಿಗೆ ಒಳಗೆ ಕೈ ಹಾಕಿದರೆ ಒಣ. ಆದರೂ ಹಾಕಿಕೊಳ್ಳುವ ಮೊದಲು ಒಮ್ಮೆ ಕೊಡವುವುದು ನಮ್ಮಲ್ಲಿ ಕಡ್ಡಾಯ.

ನಡುವಿನ ಅಟ್ಟದ ಅರ್ಧ ಭಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ. ಅದು ಬಂದವರಿಗೆ. ಮಳೆಗಾಲದಲ್ಲಿ ಮನೆಗೆ ಬಂದವರು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಬರುತ್ತಾರೆ. ಕಾಫಿ ಕುಡಿದು ಹೊರಡುವಷ್ಟರಲ್ಲಿ ಒಂದು ಮಳೆ ಬಂದು ಅದರಲ್ಲಿ ನೀರು ತುಂಬಿರುತ್ತದೆ, ಇಲ್ಲವೇ ನಾಯಿ ಒಂದನ್ನು ಕಚ್ಚಿಕೊಂಡು ಹೋಗಿರುತ್ತದೆ. ಮನೆಯವರ ಚಪ್ಪಲಿ ಒಳಗೆ ಒಣಗಿಕೊಂಡಿದ್ದು, ಬಂದವರದ್ದು ಮಳೆಯಲ್ಲಿ ನೆನೆಯುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಈಗ ಅತ್ತೆಯವರೇ ಮುಂದೆ ನಿಂತು, “ಮೇಲೆ ಇಡಿ, ಜಾಗ ಇದೆ” ಅಂತ ಹೇಳಿಯೇ ಒಳಗೆ ಕರೆಯುವುದು. ಮಾವನವರು ಬೆಳಗ್ಗೆ ಪೇಪರನ್ನೂ ಅದರ ಮೇಲೇ ಕೂತು ಓದುತ್ತಾರೆ.

ಬೆಂಗಳೂರಿನಲ್ಲಿರುವ ನಾದಿನಿ ಚೌತಿಗೆ ಬಂದಾಗ ತನಗೂ ಒಂದು ಬೇಕು ಅಂದಳು. ಅವಳದ್ದು ಫ್ಲ್ಯಾಟು. ಬಾಗಿಲ ಹೊರಗೆ 10 ಇಂಚಿಗಿಂತ ಜಾಸ್ತಿ ಚಾಚಿದರೆ ಓಡಾಡುವವರಿಗೆ ತಾಗುತ್ತದೆ. ಅಂಥ ಕಡೆ ಅಟ್ಟವನ್ನು ಓರೆ ಮಾಡಬೇಕು. 11 ಇಂಚಿನ ಚಪ್ಪಲಿ 30 ಡಿಗ್ರಿ ಓರೆಯಲ್ಲಿ ನಿಂತರೆ ಒಂಬತ್ತೂವರೆ ಇಂಚು ಜಾಗ ಸಾಕು. ಜಾರದ ಹಾಗೆ ಮುಂದಿನ ಪಟ್ಟಿಯನ್ನು ಅಡಿಯಲ್ಲಿ ಮಲಗಿಸುವ ಬದಲು ಎದ್ದು ನಿಲ್ಲಿಸಿ ಸ್ಕ್ರೂ ಹಾಕಿದರೆ ಅದೇ ತಡೆ. ಅಟ್ಟ ಓರೆಯಾದ ಮೇಲೆ ಎತ್ತರ ಜಾಸ್ತಿ ಬೇಕು, ಮೇಲೆ ಕೂರುವುದಕ್ಕೂ ಆಗುವುದಿಲ್ಲ, ಅಷ್ಟು ಒಪ್ಪಿಕೊಳ್ಳಬೇಕು. ಅವಳ ಮನೆಯವರ ಚಪ್ಪಲಿ ಅಳತೆಯನ್ನೆಲ್ಲ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದೇನೆ. ರಾಶಿಯಲ್ಲಿ ಇನ್ನೂ ಹಲಸಿನ ರೀಪು ಉಳಿದಿದೆ. ದೀಪಾವಳಿ ರಜೆಗೆ ಬಂದಾಗ ಅವಳ ಕೈಯಲ್ಲೇ ಕೊಯ್ಯಿಸುತ್ತೇನೆ, ಬಿಡಿಬಿಡಿಯಾಗಿ ಕಟ್ಟಿ ಕಾರಿನ ಮೇಲೆ ಒಯ್ಯಲಿ.